ಕುಮಾರ ಪರ್ವತದಲ್ಲಿ ಮೋಡದ ದಿನಚರಿ

ಕರ್ನಾಟಕದ ಗಿರಿಶಿಖರಗಳ ಎತ್ತರವನ್ನು ಕುರಿತು ಮಾತು ಬಂದಾಗಲೆಲ್ಲ, ಮುಳ್ಳಯ್ಯನಗಿರಿಯ 1930 ಮೀಟರುಗಳನ್ನು ಮೊದಲು ಹೇಳಿ ಆಮೇಲೆ ಉಳಿದವನ್ನು ಇಳಿತದ ಕ್ರಮದಲ್ಲಿ ಎಣಿಸುವುದು ವಾಡಿಕೆಯಾಗಿದ್ದು, ಈ ಎಣಿಕೆಯಲ್ಲಿ 1712 ಮೀಟರಿನ ಕುಮಾರ ಪರ್ವತಕ್ಕೆ ಕೊಡಗಿನ ತಡಿಯಂಡಮೋಳಿಗಿಂತಲೂ ಕೆಳಗಿನ ಪೀಠವೇ ಲಭಿಸುತ್ತದೆ. ಆದರೆ ಶಿಖರದ ಎತ್ತರ ಬೇರೆ. ಏರುವವರ ಮೊಣಕಾಲು ಲೆಕ್ಕಕ್ಕೆ ಹಿಡಿಯುವ ಎತ್ತರ ಬೇರೆ. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರಿಗೆ ಮೇಲ್ಪಟ್ಟು ನಿಂತಿರುವುದರಿಂದಲೂ, ಮುಳ್ಳಯ್ಯನಗಿರಿಯ ನೆತ್ತಿಯ ಸಮೀಪದವರೆಗೆ ವಾಹನಗಳೇ ಹೋಗಿಬರುವುದರಿಂದಲೂ, ಅಲ್ಲಿ ನಡೆಯುವವರ ಪಾಲಿಗೆ ಉಳಿಯುವುದು ಬೆಟ್ಟದ ಕೊನೆಯ ತುಣುಕು ಮಾತ್ರ. ಕುಮಾರ ಪರ್ವತವನ್ನೇರುವವರು ಹೊರಡುವ ಕುಕ್ಕೆ ಸುಬ್ರಹ್ಮಣ್ಯವಾದರೋ ಘಟ್ಟದ ಅಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 120 ಮೀಟರಿನಷ್ಟೇ ಮೇಲೆ, ಕುಮಾರಧಾರೆಯ ದಡದಲ್ಲಿದೆ. ಅಲ್ಲಿಂದ ಹೊರಟು ಸುಮಾರು ಹದಿಮೂರು ಕಿಲೋಮೀಟರುಗಳ ಕಾಲುದಾರಿಯಲ್ಲಿ ಸಾವಿರದ ಆರುನೂರು ಮೀಟರುಗಳನ್ನು ಏರಿ, ಶಿಖರದ ಮೇಲೆ ರಾತ್ರಿ ತಂಗಲು ಅನುಮತಿಯಿಲ್ಲವಾದ್ದರಿಂದ ಹೊತ್ತಿರುವಾಗಲೇ ಮತ್ತೆ ಇಳಿಯಬೇಕು. ನಮ್ಮ ನಾಡಿನಲ್ಲಿ ಒಂದು ಹಗಲಿನೊಳಗೆ ಮಾಡಬಹುದಾದ ನಡಿಗೆಗಳಲ್ಲಿ ಇದಕ್ಕಿಂತ ಕಠಿನವಾದುದು ಹೆಚ್ಚಿಲ್ಲ.

ಹೀಗೆ ಏರಿದವರೆಲ್ಲರೂ ಹಿಂದಿರುಗಿದ ಮೇಲೆ ಹೇಳುವ ಮಾತೊಂದುಂಟು: ಬೆಟ್ಟದ ಹವೆಯನ್ನು ನಂಬುವಂತಿಲ್ಲ, ಬೆಳಗ್ಗೆ ಬಿಸಿಲು, ಹನ್ನೊಂದಕ್ಕೆ ಮಂಜು, ಮೂರಕ್ಕೆ ಗುಡುಗು, ಒಂದೇ ದಿನದಲ್ಲಿ ಮೂರು ಕಾಲ ಕಂಡೆವು ಎಂಬುದು. ಕಂಡದ್ದು ನಿಜ, ನಂಬುವಂತಿಲ್ಲ ಎಂಬ ಆಕ್ಷೇಪ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಎಲ್ಲಿಂದಲೋ ಬಂದ ಹವೆಯನ್ನು ಬೆಟ್ಟ ತಲೆಯೊಡ್ಡಿ ಸಹಿಸುವುದೆಂದು ನಾವು ಭಾವಿಸುತ್ತೇವೆ. ವಸ್ತುತಃ ಆ ದಿನದ ಹವೆಯ ಬಹುಭಾಗವನ್ನು ಅಲ್ಲಿಯೇ, ಅಂದೇ, ನಮ್ಮ ಕಣ್ಣೆದುರಿನಲ್ಲಿಯೇ ನಿರ್ಮಿಸುವುದು ಬೆಟ್ಟ. ತಪ್ಪಲಿನಿಂದ ಹೊರಡುವವರು ಮನುಷ್ಯರು ಮಾತ್ರವಲ್ಲ; ಕರಾವಳಿಯ ಬಯಲಿನ ತೇವದ ಗಾಳಿಯೂ ಅದೇ ಕಣಿವೆಗಳ ಮೂಲಕ, ಅದೇ ಇಳಿಜಾರಿನ ಮೇಲೆ, ಅದೇ ಶಿಖರವನ್ನು ಕುರಿತು ಅಂದೇ ಪ್ರಯಾಣ ಹೊರಡುತ್ತದೆ. ಭೇದವಿಷ್ಟೆ: ನಾವು ನಸುಕಿನಲ್ಲಿ ಏಳಬಲ್ಲೆವು, ಗಾಳಿ ಬಿಸಿಲಿಗಾಗಿ ಕಾಯಬೇಕು.

ಈ ಪಂದ್ಯವನ್ನು ನೋಡುವುದಕ್ಕೆ ತಕ್ಕ ಕಾಲ ತುಲಾಮಾಸ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಗಾಳಿ ಹಗಲಿರುಳೆನ್ನದೆ ಘಟ್ಟಕ್ಕೆ ಅಪ್ಪಳಿಸುತ್ತಿರುವಾಗ ಅಲ್ಲಿ ಬೆಳಗು ಬೈಗುಗಳ ಭೇದವೇ ಇರುವುದಿಲ್ಲ. ಚಾರಣದ ದಾರಿಯೂ ಆಗ ಮುಚ್ಚಿರುತ್ತದೆ. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಮತ್ತೆ ಮುಚ್ಚುತ್ತದೆ. ನಡುವಿನ ಅಕ್ಟೋಬರ್‌-ನವೆಂಬರಿನಲ್ಲಿ, ಪಶ್ಚಿಮದ ಗಾಳಿಯ ಬಿಗಿ ಸಡಿಲಿ, ನೆಲದಲ್ಲಿ ಮಳೆಗಾಲದ ತೇವ ಇನ್ನೂ ಉಳಿದು, ಬಿಸಿಲು ಮೊನಚಾಗಿರುವ ಹೊತ್ತಿನಲ್ಲಿ, ಬೆಟ್ಟ ತನ್ನ ಸ್ವಂತ ದಿನಚರಿಯನ್ನು ಯಾರ ಅಡ್ಡಿಯೂ ಇಲ್ಲದೆ ನಡೆಸುತ್ತದೆ.

ನಸುಕಿನಲ್ಲಿ ಸುಬ್ರಹ್ಮಣ್ಯದ ಬೀದಿಯಲ್ಲಿ ಮಂಜು ಕವಿದಿರುತ್ತದೆ. ಇರುಳಿಡೀ ಇಳಿಜಾರುಗಳಲ್ಲಿ ತಣಿದ ಗಾಳಿ ಭಾರವಾಗಿ ಕಣಿವೆಗೆ ಜಾರಿಬಂದು ಹೊಳೆಯ ಮೇಲೆ ನಿಂತದ್ದರ ಫಲವಿದು. ಈ ಮಂಜು ಮೇಲಿನಿಂದ ಇಳಿದ ಮೋಡವಲ್ಲ, ಇದರ ಮೇಲೆ ಆಕಾಶ ನಿರ್ಮಲವಾಗಿಯೇ ಇರುತ್ತದೆ. ಊರಿನಲ್ಲಿ ಮಬ್ಬು ಕಂಡು ಹಿಂಜರಿದವರು ಅತ್ಯುತ್ತಮವಾದ ದಿನವನ್ನೇ ಕಳೆದುಕೊಳ್ಳುವ ಸಂಭವವುಂಟು. ದೇವಾಲಯದಿಂದ ಸ್ವಲ್ಪ ದೂರ ಹೋದೊಡನೆಯೇ ಕಾಡು ಆರಂಭವಾಗುತ್ತದೆ. ಧೂಪ, ನಾಗಸಂಪಿಗೆ, ಹೆಬ್ಬಲಸು, ಬೈನೆ, ಬೆತ್ತದ ಹಿಂಡಲು. ಬೇರುಗಳೇ ಮೆಟ್ಟಿಲುಗಳಾದ ಕಡಿದಾದ ಹಾದಿ. ದಾರಿಯಲ್ಲಿ ಭೀಮನ ಬಂಡೆಯೆಂದು ಜನ ಕರೆಯುವ ಹೆಬ್ಬಂಡೆ. ಇಲ್ಲಿ ಬಿಸಿಲಿಲ್ಲದಿದ್ದರೂ ನಡೆಯುವವರ ಅಂಗಿ ಅರ್ಧ ಗಂಟೆಯೊಳಗೆ ತೊಯ್ದುಹೋಗುತ್ತದೆ, ಮತ್ತು ತೊಯ್ದದ್ದು ಆರುವುದಿಲ್ಲ. ಬೆವರು ದೇಹವನ್ನು ತಂಪುಮಾಡುವುದು ಸುರಿಯುವುದರಿಂದಲ್ಲ, ಆವಿಯಾಗುವುದರಿಂದ. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿಗಳಷ್ಟು ಉಷ್ಣವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಎಲೆಗಳ ಛಾವಣಿಯ ಕೆಳಗೆ ಗಾಳಿ ಕದಲದೆ, ಆವಿಯನ್ನು ಇನ್ನಷ್ಟು ಹಿಡಿದುಕೊಳ್ಳುವ ಶಕ್ತಿಯೂ ಇಲ್ಲದೆ ನಿಂತಿರುವಾಗ, ಬೆವರು ವೃಥಾ ಹನಿಯಾಗಿ ಕೆಳಗೆ ಬೀಳುತ್ತದೆ. ನೀರೂ ಉಪ್ಪೂ ವ್ಯಯವಾಗುತ್ತವೆ, ತಂಪು ಮಾತ್ರ ದೊರೆಯುವುದಿಲ್ಲ. ಈ 580 ಕಿಲೋಕ್ಯಾಲರಿಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮೇಲೆ ಹೋದಾಗ ಇದೇ ಲೆಕ್ಕ ಬೇರೊಂದು ವೇಷದಲ್ಲಿ ಎದುರಾಗಲಿದೆ.

ಕಾಡು ಮುಗಿದಲ್ಲಿ ಗಿರಿಗದ್ದೆ. ಬೆಟ್ಟದ ನಡುಮಡಿಲಿನಲ್ಲಿ ತೋಟ, ಗದ್ದೆಗಳ ನಡುವಣ ಒಂಟಿಮನೆ, ದಾರಿಹೋಕರಿಗೆಲ್ಲ ‘ಭಟ್ಟರ ಮನೆ’ ಎಂದೇ ಪರಿಚಿತವಾಗಿ, ಬಂದವರಿಗೆ ಅನ್ನ ಸಾರು ಬಡಿಸಿದ ಕೀರ್ತಿಯನ್ನು ಪಡೆದಿದೆ. 1943ರಲ್ಲಿ ಬಂದ ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಓದಿದವರಿಗೆ, ಕಾಡಿನ ಮಧ್ಯೆ ತೋಟ ಮಾಡಿಕೊಂಡು ಅತಿಥಿಗಾಗಿ ಹಾತೊರೆಯುವ ಗೋಪಾಲಯ್ಯ ಶಂಕರಮ್ಮರು ಈ ಮನೆಯ ಜಗಲಿಯಲ್ಲಿ ಕುಳಿತಾಗ ನೆನಪಾಗದಿರುವುದು ಅಸಾಧ್ಯ, ಆ ಕಾದಂಬರಿಯ ನೆಲವೂ ಇದೇ ಸುಬ್ರಹ್ಮಣ್ಯದ ಆಸುಪಾಸಿನ ಘಟ್ಟದ ತಪ್ಪಲೇ ಆಗಿದೆ. ಇಲ್ಲಿಂದ ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ತಪಾಸಣೆಯ ಠಾಣೆ. ಅದರಾಚೆಗೆ ಪುಷ್ಪಗಿರಿ ವನ್ಯಜೀವಿಧಾಮ. 2012ರಲ್ಲಿ ಪಶ್ಚಿಮ ಘಟ್ಟದ ಮೂವತ್ತೊಂಬತ್ತು ತಾಣಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಅವುಗಳಲ್ಲಿ ಇದೂ ಒಂದಾಗಿತ್ತು. ಕೊಡಗಿನವರು ಶಿಖರವನ್ನೂ ಪುಷ್ಪಗಿರಿಯೆಂದೇ ಕರೆಯುವರು.

ಠಾಣೆಯನ್ನು ದಾಟಿದ ಮೇಲೆ ಹುಲ್ಲುಗಾವಲು. ನೆರಳು ಹಿಂದೆ ಉಳಿಯಿತು, ಮುಂದೆ ಬೋಳುಗುಡ್ಡದ ಮೇಲೆ ಬೋಳುಗುಡ್ಡ. ಅವುಗಳ ಮಡಿಕೆಗಳಲ್ಲಿ ಮಾತ್ರ ಶೋಲೆಯ ಕಾಡು ಕಪ್ಪಾಗಿ ಕೂಡಿಕೊಂಡಿರುತ್ತದೆ. ಮೂಡಣ ದಿಕ್ಕಿಗೆ ಎತ್ತರವಾದ ಏಣು ಅಡ್ಡವಿರುವುದರಿಂದ ಪಡುವಣ ಮೈಗೆ ಬಿಸಿಲು ತಡವಾಗಿ ತಾಗುತ್ತದೆ, ಮತ್ತು ಆ ತಡವೇ ಏರುವವರಿಗೆ ದೊರೆಯುವ ಮುಂಗಡ. ಒಮ್ಮೆ ತಾಗಿತೆಂದರೆ ಹುಲ್ಲೂ ಬಂಡೆಯೂ ಬೇಗ ಕಾಯುತ್ತವೆ; ಅವಕ್ಕೆ ತಾಗಿದ ಗಾಳಿ, ಅದೇ ಎತ್ತರದಲ್ಲಿ ಕಣಿವೆಯ ಮೇಲಿರುವ ಗಾಳಿಗಿಂತ ಹಗುರಾಗಿ, ಇಳಿಜಾರಿಗೆ ಮೈಯೊತ್ತಿಕೊಂಡು ಮೇಲೇರತೊಡಗುತ್ತದೆ. ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಬೆನ್ನಿಗೆ ಮೆಲ್ಲನೆ ತಾಗುವ ಹಿತವಾದ ಗಾಳಿ ಇದೇ. ಅದು ಹಿತವಾಗಿರುವುದರಿಂದ ಅದರ ಅರ್ಥವನ್ನು ಯಾರೂ ವಿಚಾರಿಸುವುದಿಲ್ಲ. ತಪ್ಪಲಿನ ತೇವ ಪ್ರಯಾಣ ಹೊರಟಿತೆಂಬುದಕ್ಕೆ ಅದೇ ಮೊದಲ ಸೂಚನೆ.

ಇನ್ನು ಈ ತೇವ ಎಲ್ಲಿ ಮೋಡವಾಗುವುದೆಂಬುದನ್ನು ಬೆರಳೆಣಿಕೆಯಿಂದಲೇ ಹೇಳಬಹುದೆಂದರೆ ಆಶ್ಚರ್ಯವಾದೀತು. ಗಾಳಿ ಮೇಲೇರಿದಂತೆ ಅದರ ಮೇಲಣ ಒತ್ತಡ ಕುಗ್ಗುತ್ತದೆ, ಒತ್ತಡ ಕುಗ್ಗಿದಾಗ ಅದು ಹಿಗ್ಗುತ್ತದೆ, ಹಿಗ್ಗುವುದಕ್ಕೆ ಬೇಕಾದ ಶಕ್ತಿಯನ್ನು ಹೊರಗಿನಿಂದ ಪಡೆಯುವ ಅವಕಾಶವಿಲ್ಲದೆ ತನ್ನ ಉಷ್ಣವನ್ನೇ ವ್ಯಯಿಸುವುದರಿಂದ ತಣ್ಣಗಾಗುತ್ತದೆ; ಸೈಕಲ್ಲಿನ ಪಂಪು ಗಾಳಿಯನ್ನು ಒತ್ತಿದಾಗ ಬಿಸಿಯಾಗುವುದಷ್ಟೆ, ಇದು ಅದರ ವಿಪರ್ಯಯ. ಹೀಗೆ ತಣಿಯುವ ದರ, ಮೋಡ ಕಟ್ಟುವವರೆಗೆ, ಪ್ರತಿ ಕಿಲೋಮೀಟರಿಗೆ 9.8 ಡಿಗ್ರಿ ಸೆಲ್ಸಿಯಸ್. ತಣಿಯುತ್ತ ತಣಿಯುತ್ತ ಗಾಳಿ ಒಂದು ಮಟ್ಟವನ್ನು ಮುಟ್ಟಿದಾಗ ತನ್ನಲ್ಲಿರುವ ಆವಿಯನ್ನು ಇನ್ನು ಧರಿಸಲಾರದೆ ಹನಿಯಾಗಿಸುತ್ತದೆ. ಆ ಉಷ್ಣತೆಗೆ ಇಬ್ಬನಿ ಬಿಂದುವೆಂದು ಹೆಸರು. ತಪ್ಪಲಿನ ಗಾಳಿಯ ಉಷ್ಣತೆಗೂ ಅದರ ಇಬ್ಬನಿ ಬಿಂದುವಿಗೂ ಇರುವ ಅಂತರದ ಪ್ರತಿ ಡಿಗ್ರಿಗೆ ಸುಮಾರು 125 ಮೀಟರಿನಂತೆ ಎಣಿಸಿದರೆ ಮೋಡದ ಅಡಿ ತಪ್ಪಲಿನಿಂದ ಎಷ್ಟು ಎತ್ತರದಲ್ಲಿರುವುದೆಂದು ತಿಳಿಯುತ್ತದೆ. ನಡುಹಗಲಿನಲ್ಲಿ ಸುಬ್ರಹ್ಮಣ್ಯದಲ್ಲಿ 31 ಡಿಗ್ರಿ ಬಿಸಿಯಿದ್ದು ಇಬ್ಬನಿ ಬಿಂದು 23 ಆಗಿದ್ದರೆ, ಅಂತರ ಎಂಟು, ಎತ್ತರ ಸಾವಿರ ಮೀಟರು. ಶಿಖರವೋ ತಪ್ಪಲಿನಿಂದ 1600 ಮೀಟರು. ಎಂದಮೇಲೆ ಅಂದಿನ ಮೋಡದ ಅಡಿ ಬೆಟ್ಟದ ತಲೆಗಿಂತ ಆರುನೂರು ಮೀಟರು ಕೆಳಗಿರುವುದು ಅಕಸ್ಮಾತ್ತಲ್ಲ, ಗಣಿತ. ಆಕಾಶವೆಲ್ಲ ನೀಲಿಯಾಗಿದ್ದರೂ ಶಿಖರವೊಂದು ಮುಸುಕು ಹೊದ್ದು ನಿಲ್ಲುವ ದೃಶ್ಯ ಈ ಸರಳ ಲೆಕ್ಕದಿಂದ ಹುಟ್ಟಿದ್ದು.

ದಾರಿಯಲ್ಲಿ ಮುಂದೆ ಸಿಗುವ ಕಲ್ಲುಮಂಟಪದ ಬಳಿ ಒಂದು ಒರತೆಯಿದೆ. ಮುಂದಿನ ದಾರಿಯಲ್ಲಿ ನೀರನ್ನು ನೆಚ್ಚುವಂತಿಲ್ಲವಾದ್ದರಿಂದ ಎಲ್ಲರೂ ಇಲ್ಲಿ ನಿಲ್ಲುತ್ತಾರೆ, ನಿಂತವರು ಹಿಂದಿರುಗಿ ನೋಡುತ್ತಾರೆ. ಬೆಳಗ್ಗೆ ಕಣಿವೆಯಲ್ಲಿ ಬಿಳಿಯಾಗಿ ಮಲಗಿದ್ದ ಮಂಜು ಈಗ ಹರಿದು ತುಂಡಾಗಿರುತ್ತದೆ, ಅದರ ಸ್ಥಳದಲ್ಲಿ ಸಣ್ಣ ಸಣ್ಣ ಮೋಡದ ಎಸಳುಗಳು ಎಲ್ಲಿಂದಲೋ ಬಂದವಲ್ಲ ಎಂಬಂತೆ ಬರಿಯ ಗಾಳಿಯಿಂದಲೇ ಮೂಡುತ್ತಿರುತ್ತವೆ. ಮೂಡಿದವು ಕೆಲವು ಕರಗುತ್ತವೆ. ಕೊಂಚ ಹೊತ್ತಿನ ಮೇಲೆ ಮೂಡಿದವು ಕರಗುವುದಿಲ್ಲ.

ಶೇಷಪರ್ವತ ಈ ದಾರಿಯ ಅತ್ಯಂತ ರಮ್ಯವಾದ ತಾಣವೆಂದು ನನ್ನ ಅಭಿಪ್ರಾಯ. ತುತ್ತತುದಿಯ ಕುಮಾರ ಪರ್ವತಕ್ಕೆ ಆ ಪಟ್ಟವನ್ನು ಕೊಡುವವರೊಡನೆ ನಾನು ವಾದಿಸಲು ಸಿದ್ಧನಿದ್ದೇನೆ. ಸುಬ್ರಹ್ಮಣ್ಯದಿಂದ ನೋಡಿದರೆ ಹೆಡೆಬಿಚ್ಚಿದ ಮಹಾಸರ್ಪವು ಕ್ಷೇತ್ರಕ್ಕೆ ಕಾವಲು ನಿಂತಂತೆ ಕಾಣುವುದರಿಂದ ಈ ಹೆಸರು. ತಾರಕನನ್ನು ಸಂಹರಿಸಿದ ಕುಮಾರಸ್ವಾಮಿ ತನ್ನ ಶಕ್ತ್ಯಾಯುಧವನ್ನು ತೊಳೆದದ್ದು ಕುಮಾರಧಾರೆಯಲ್ಲಿ, ಇಂದ್ರನು ಮಗಳು ದೇವಸೇನೆಯನ್ನು ಅವನಿಗೆ ಧಾರೆಯೆರೆದದ್ದು ಅದರ ತೀರದಲ್ಲಿ ಎಂದು ಸ್ಥಳಪುರಾಣ ಹೇಳುತ್ತದೆ. ಹೆಡೆಯ ಅಂಚಿನಲ್ಲಿ ನಿಂತಾಗ ಪಡುವಣಕ್ಕೆ ನೆಲ ಒಮ್ಮೆಗೇ ಕುಸಿದುಹೋಗಿ ಕಾಡು ಕಾಲಡಿಯಲ್ಲಿ ಎಲ್ಲೋ ಆಳದಲ್ಲಿರುತ್ತದೆ. ಸೂರ್ಯ ಬೆನ್ನ ಹಿಂದೆ, ಮೂಡಣದಲ್ಲಿ. ಸರಿಯಾದ ಹೊತ್ತಿಗೆ ತಲುಪಿದವರಿಗೆ, ಅಂದರೆ ಮೋಡ ಪಡುವಣ ಕಣಿವೆಯಿಂದ ಎದ್ದು ಇನ್ನೂ ಏಣನ್ನು ದಾಟದಿರುವಾಗ ಬಂದವರಿಗೆ, ತಮ್ಮ ನೆರಳು ಕೆಳಗಿನ ಬಿಳುಪಿನ ಮೇಲೆ ಬಿದ್ದು ಆ ನೆರಳಿನ ತಲೆಯ ಸುತ್ತ ಬಣ್ಣಬಣ್ಣದ ಉಂಗುರಗಳ ಪ್ರಭಾವಳಿ ಮೂಡುವುದುಂಟು. ಮೋಡದ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ ಉಂಟಾಗುವ ಈ ವಿಚಿತ್ರದಲ್ಲಿ ಪ್ರತಿಯೊಬ್ಬರಿಗೂ ಪ್ರಭೆ ಕಾಣುವುದು ತಮ್ಮ ತಲೆಯ ಸುತ್ತ ಮಾತ್ರ, ಪಕ್ಕದವರ ತಲೆಗೆ ಆ ಭಾಗ್ಯವಿಲ್ಲ. ಮನುಷ್ಯರ ಅಹಂಕಾರಕ್ಕೆ ಪ್ರಕೃತಿ ಇಷ್ಟು ಸೊಗಸಾಗಿ ಒತ್ತಾಸೆಯಾಗುವುದನ್ನು ಬೇರೆಲ್ಲೂ ನಾನು ಕಂಡಿಲ್ಲ.

ಈ ಪ್ರಭಾವಳಿಯನ್ನು ನೋಡಿ ಮೆಚ್ಚಿ ಸುಮ್ಮನಾಗದವನೊಬ್ಬನಿದ್ದ. 1894ರಲ್ಲಿ ಸಿ. ಟಿ. ಆರ್. ವಿಲ್ಸನ್ ಎಂಬ ತರುಣ ಭೌತವಿಜ್ಞಾನಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಮೇಲಿದ್ದ ಹವಾಮಾನ ವೀಕ್ಷಣಾಲಯದಲ್ಲಿ ಕೆಲವು ವಾರ ಕೆಲಸ ಮಾಡುತ್ತಿದ್ದಾಗ, ಮೋಡದ ಮೇಲೆ ಬಿದ್ದ ಈ ಉಂಗುರಗಳ ಚೆಲುವಿಗೆ ಮರುಳಾಗಿ, ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಕೃತಕವಾದ ಮೋಡವನ್ನು ಕಟ್ಟಲು ತೊಡಗಿದ. ತೇವದ ಗಾಳಿಯನ್ನು ತಟ್ಟನೆ ಹಿಗ್ಗಿಸಿ ತಣಿಸುವುದು, ಅಂದರೆ ಕುಮಾರ ಪರ್ವತ ದಿನವೂ ಮಾಡುವ ಕೆಲಸವನ್ನೇ ಕ್ಷಣಮಾತ್ರದಲ್ಲಿ ಮಾಡುವುದು, ಅವನ ವಿಧಾನವಾಗಿತ್ತು. ಆ ಪಾತ್ರೆಯಲ್ಲಿ ಕಣ್ಣಿಗೆ ಕಾಣದ ವಿದ್ಯುತ್ಕಣಗಳು ಹಾದುಹೋದ ಜಾಡು ಸಣ್ಣ ಹನಿಗಳ ಗೆರೆಯಾಗಿ ಕಾಣಿಸಿಕೊಂಡಿತು. ಪರಮಾಣುವಿನ ಒಳಲೋಕವನ್ನು ನೋಡುವುದಕ್ಕೆ ದೊರೆತ ಆ ಸಾಧನಕ್ಕಾಗಿ 1927ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಬೆನ್ ನೆವಿಸ್ಸಿನ ಎತ್ತರ 1345 ಮೀಟರು, ನಮ್ಮ ಶಿಖರಕ್ಕಿಂತ ಗಿಡ್ಡ.

ಶೇಷಪರ್ವತದಿಂದ ಮುಂದೆ ಇಳಿದು, ಮತ್ತೆ ಹತ್ತಿ, ಶೋಲೆಯ ಕಾಡೊಂದನ್ನು ಹೊಕ್ಕು, ಒದ್ದೆಬಂಡೆಯನ್ನು ಕೈಯೂರಿ ಏರಿ ಶಿಖರ ಸೇರಬೇಕು. ಈ ಹಂತದಲ್ಲಿ ಸಾಧಾರಣವಾಗಿ ಮೋಡ ನಮ್ಮನ್ನು ಹಿಡಿಯುತ್ತದೆ. ಕೆಳಗಿನಿಂದ ಬೆಳ್ಳಗೆ ಮೃದುವಾಗಿ ಕಂಡದ್ದು ಒಳಹೊಕ್ಕಾಗ ಬೂದುಬಣ್ಣದ, ಚಳಿಯಾದ, ಓಡುವ ತೇವ. ತಪ್ಪಲಿನಲ್ಲಿ 31 ಇದ್ದದ್ದು ಮೋಡದ ಅಡಿಯಲ್ಲಿ 21ಕ್ಕೆ ಇಳಿದು, ಶಿಖರದಲ್ಲಿ ಹದಿನೆಂಟರ ಹತ್ತಿರವಾಗಿರುತ್ತದೆ. ಮೋಡದೊಳಗೆ ತಣಿಯುವ ದರ ಹೀಗೆ ಅರ್ಧಕ್ಕಿಳಿಯುವುದಕ್ಕೆ ಕಾರಣ, ಆವಿ ಹನಿಯಾಗುವಾಗ ಹಿಂದೆ ತಾನು ಆವಿಯಾಗಲು ಪಡೆದಿದ್ದ ಉಷ್ಣವನ್ನು ಮರಳಿ ಕೊಡುವುದು. ಲೀಟರಿಗೆ ಅದೇ 580ರ ಆಸುಪಾಸಿನ ಕಿಲೋಕ್ಯಾಲರಿ. ಮೋಡ ಈ ಉಷ್ಣದ ಬಲದಿಂದಲೇ ಇನ್ನೂ ಮೇಲಕ್ಕೆ ಬೆಳೆಯುತ್ತದೆ. ಇತ್ತ ನಡೆಯುವವರ ಮೈಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಕಾಡಿನಲ್ಲಿ ತೊಯ್ದ ಅಂಗಿಯ ಮೇಲೆ ಈಗ ಬಿರುಸಾದ ಗಾಳಿ ಬೀಸುತ್ತಿದೆ. ಕೆಳಗೆ ಬೇಕಾದಾಗ ಆವಿಯಾಗದ ಬೆವರು ಇಲ್ಲಿ ಬೇಡವಾದಾಗ ಆವಿಯಾಗುತ್ತ ಮೈಯ ಬಿಸಿಯನ್ನು ಸೂರೆಗೊಳ್ಳುತ್ತದೆ. ಹದಿನೆಂಟು ಡಿಗ್ರಿ ಚಳಿಯೇ ಎಂದು ಕೇಳುವ ಬೆಂಗಳೂರಿನವರು, ತೊಯ್ದ ಬಟ್ಟೆಯಲ್ಲಿ, ಹಸಿದ ಹೊಟ್ಟೆಯಲ್ಲಿ, ಗಾಳಿಗೆ ಎದೆಯೊಡ್ಡಿ ಅರ್ಧ ಗಂಟೆ ಕುಳಿತು ನೋಡಬೇಕು. ತುಟಿ ನಡುಗಿ, ಬೆರಳು ಗಂಟು ಬಿಚ್ಚಲಾರದೆ, ಬುದ್ಧಿ ಮಂದವಾಗುವುದಕ್ಕೆ ಹಿಮಾಲಯವೇ ಬೇಕೆಂದಿಲ್ಲ. ಒಣಗಿದ ಅಂಗಿಯೊಂದು, ಮಳೆಗಾಳಿಗಳೆರಡನ್ನೂ ತಡೆವ ಹೊದಿಕೆಯೊಂದು, ಇವೆರಡಿದ್ದರೆ ಉಳಿದ ಸಲಕರಣೆಗಳನ್ನು ಅಂಗಡಿಯವರ ಪಾಲಿಗೆ ಬಿಡಬಹುದು.

ನೆತ್ತಿಯಲ್ಲಿ ಚಿಕ್ಕದೊಂದು ಕಲ್ಲುಗುಡಿಯಿದೆ. ಅಲ್ಲಿಂದ ಮೂಡಣಕ್ಕೆ ಸೋಮವಾರಪೇಟೆಯ ಕಡೆ, ಬೀಡಹಳ್ಳಿಯ ಚಿಕ್ಕ ದಾರಿ. ಮುಂಗಾರಿನಲ್ಲಿ ಈ ಏಣಿನ ಪಡುವಣ ಮಗ್ಗುಲಿಗೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ ಸುರಿದರೆ, ಮೂಡಣಕ್ಕೆ ಇಳಿದ ಗಾಳಿ ಒತ್ತಡಕ್ಕೆ ಸಿಕ್ಕಿ ಮತ್ತೆ ಬಿಸಿಯಾಗಿ ಒಣಗುವುದರಿಂದ, ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದ ಮೈಸೂರಿಗೆ ವರ್ಷವೆಲ್ಲ ಸೇರಿ ಎಂಟುನೂರರಷ್ಟು ದಕ್ಕುತ್ತದೆ.

ತುಲಾಮಾಸದಲ್ಲಿ ಅಪಾಯ ಬರುವುದು ಮಾತ್ರ ಪಡುವಣದಿಂದಲ್ಲ. ಹಿಂಗಾರಿನ ಗುಡುಗುಮೋಡಗಳು ಮಧ್ಯಾಹ್ನದ ಮೇಲೆ ಘಟ್ಟದ ತಲೆಯ ಮೇಲೂ ಅದರ ಮೂಡಣಕ್ಕೂ ಬೆಳೆದು, ಸಂಜೆಯ ಹೊತ್ತಿಗೆ ಕರಾವಳಿಯತ್ತ ಸಾಗುವುದು ಸಾಮಾನ್ಯ. ಸುಳ್ಯ ಪುತ್ತೂರುಗಳ ಅಡಕೆ ಬೆಳೆಗಾರರು ಅಂಗಳದಲ್ಲಿ ಹರವಿದ ಅಡಕೆಯನ್ನು ಬಾಚಿಕೊಳ್ಳುವ ಮುನ್ನ ನೋಡುವುದು ಮೂಡಣದ ಬಾನನ್ನೇ. ಪಡುವಣ ಮೈಯಲ್ಲಿ ಏರುತ್ತಿರುವವರಿಗೆ ಆ ಬಾನನ್ನು ಬೆಟ್ಟವೇ ಮರೆಮಾಡಿರುತ್ತದೆ. ಆದಕಾರಣ ಕಣ್ಣಿಗಿಂತ ಕಿವಿಯನ್ನು ನೆಚ್ಚಬೇಕು. ಶಬ್ದ ಒಂದು ಕಿಲೋಮೀಟರು ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತನ್ನು ಎಣಿಸುವುದಾಗದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ, ಬೋಳು ಏಣಿನ ಮೇಲೆ ಅತ್ಯುನ್ನತವಾದ ವಸ್ತು ನಾವೇ ಆಗಿರುವಾಗ ಅಷ್ಟು ದೂರ ದೂರವಲ್ಲ. ನಾಲ್ಕು ಕಂಬಗಳ ಕಲ್ಲುಮಂಟಪ ಮಳೆಗೆ ಆಶ್ರಯವಾದೀತು, ಸಿಡಿಲಿಗಲ್ಲ. ಏಣನ್ನು ಬಿಟ್ಟು ಬೇಗ ಕೆಳಗಿಳಿಯುವುದೊಂದೇ ಉಪಾಯ.

ಬೇಗ ಎಂದೆ, ಆದರೆ ಕಾಲಿಗೆ ಅದರದೇ ಲೆಕ್ಕವಿದೆ. ವಿಲ್ಸನ್ನನ ಸ್ಕಾಟ್ಲೆಂಡಿನವನೇ ಆದ ವಿಲಿಯಂ ನೈಸ್ಮಿತ್ 1892ರಲ್ಲಿ ಬೆಟ್ಟದ ನಡಿಗೆಗೆ ಒಂದು ಸೂತ್ರವನ್ನು ಕೊಟ್ಟ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಎರಡು ಸಾವಿರ ಅಡಿಗಳ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಇದನ್ನು ಅನ್ವಯಿಸಿದರೆ ದೂರಕ್ಕೆ ಎರಡೂವರೆ ಗಂಟೆಗೆ ಮಿಕ್ಕಿ, ಏರಿಗೆ ಅಷ್ಟೇ, ಒಟ್ಟು ಐದೂಕಾಲು ಗಂಟೆ. ಅದೂ ಎಲ್ಲಿಯೂ ಕೂರದೆ, ಎಡವದೆ, ಭಟ್ಟರ ಮನೆಯ ಊಟಕ್ಕೆ ಆಸೆಪಡದೆ. ಇಳಿತಕ್ಕೆ ನಾಲ್ಕು ಗಂಟೆ, ವಿಶ್ರಾಂತಿಗೆ ಒಂದೂವರೆ ಎಂದರೂ ಸುಮಾರು ಹನ್ನೊಂದು ಗಂಟೆಯಾಯಿತು. ನವೆಂಬರಿನ ಹಗಲು ಹನ್ನೊಂದೂವರೆ ಗಂಟೆಗೆ ಅತಿ ಸ್ವಲ್ಪವೇ ಹೆಚ್ಚು, ಮತ್ತು ತಪ್ಪಲಿನ ಕಾಡಿನೊಳಗೆ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆಯೇ ಕತ್ತಲು. ಬೆಳಗ್ಗೆ ಇಂತಿಷ್ಟು ಹೊತ್ತಿನೊಳಗೆ ಠಾಣೆಯನ್ನು ದಾಟಬೇಕು, ಮಧ್ಯಾಹ್ನ ಇಂತಿಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗಬೇಕು ಎಂಬ ಕಟ್ಟಳೆಗಳನ್ನು ಕಂಡು ಗೊಣಗುವವರು ಈ ಕೂಡುವ ಕಳೆಯುವ ಲೆಕ್ಕವನ್ನು ಮಾಡಿ ನೋಡಿಲ್ಲವೆಂದೇ ತೋರುತ್ತದೆ. 2024ರ ಜನವರಿಯ ರಜಾದಿನಗಳಲ್ಲಿ ಈ ಕಾಲುದಾರಿಯಲ್ಲಿ ಜಾತ್ರೆಯಂತೆ ಜನ ನೆರೆದು, ಇಲಾಖೆಯು ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಆಮೇಲೆ ಅಂತರ್ಜಾಲದಲ್ಲಿ ಮುಂಗಡವಾಗಿ ಹೆಸರು ನೋಂದಿಸಿದವರಿಗಷ್ಟೇ ಪ್ರವೇಶವೆಂಬ ಏರ್ಪಾಡನ್ನು ತಂದದ್ದು ಸರಿಯಾಯಿತು. ಕಡಿದಾದ ಒಂಟಿದಾರಿಯಲ್ಲಿ ಸಾಲು ನಿಂತವರ ವೇಗಕ್ಕೆ ನೈಸ್ಮಿತ್ ಸೂತ್ರ ಬರೆದಿಲ್ಲ.

ಇಳಿಯುವುದು ಸುಲಭವೆಂಬುದು ಉಸಿರಿಗೆ ಸಲ್ಲುವ ಮಾತು, ತೊಡೆಗಲ್ಲ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತ ಭಾರವನ್ನೆತ್ತುತ್ತದೆ. ಇಳಿಯುವಾಗ ಭಾರದ ಕೆಳಗೆ ಹಿಗ್ಗುತ್ತಲೇ ತಡೆಹಿಡಿಯಬೇಕಾಗುವುದರಿಂದ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಸೀಳುಗಳಾಗುತ್ತವೆ. ಎರಡು ದಿನ ಮೆಟ್ಟಿಲನ್ನು ಕಂಡರೆ ಭಯವಾಗುವುದು ಇದರಿಂದಲೇ. ಮಳೆ ಬಿದ್ದಿದ್ದರೆ ಬಂಡೆಯೂ ಬೇರೂ ಜಾರುತ್ತವೆ, ಜತೆಗೆ ಬೆಳಗ್ಗೆ ಒಣಗಿದ್ದ ತರಗೆಲೆಗಳ ನಡುವಿನಿಂದ ಉಂಬಳಗಳು ತಲೆಯೆತ್ತಿ ತೂಗಾಡುತ್ತಿರುತ್ತವೆ. ಇವಕ್ಕೆ ಸುಣ್ಣ, ಉಪ್ಪು, ಹೊಗೆಸೊಪ್ಪಿನ ನೀರು ಎಂದು ಊರಿಗೊಂದು ಮದ್ದು. ಕಚ್ಚುವಾಗ ಉಂಬಳ ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯವೊಂದನ್ನು ಗಾಯಕ್ಕೆ ಸೇರಿಸುವುದರಿಂದ, ಅದು ಉದುರಿದ ಎಷ್ಟೋ ಹೊತ್ತಿನವರೆಗೆ ನೆತ್ತರು ಸಣ್ಣಗೆ ಒಸರುತ್ತಿರುತ್ತದೆ. ಸುಬ್ರಹ್ಮಣ್ಯದ ಹೋಟೆಲಿನ ಬೆಂಚಿನ ಮೇಲೆ ಕಾಲುಚೀಲ ಬಿಚ್ಚಿದ ಹೊಸಬರು ಕೆಂಪನ್ನು ಕಂಡು ಗಾಬರಿಗೊಂಡರೆ, ಮಾಣಿ ಕಾಫಿಯ ಲೋಟವನ್ನಿಡುತ್ತ, “ಒತ್ತಿ ಹಿಡ್ಕೊಳ್ಳಿ, ನಿಲ್ತದೆ ಅದು” ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ.